ಖಾಲಿ ಕೊಡ ಹೊತ್ತು ನಡೆದ ದಾರಿ

ಸಣ್ಣವ್ವಾ, ತಮ್ಮಣ್ಣಾ,

ಶಾಲೆಯ ಹಾಜರಿ ಪುಸ್ತಕದಲ್ಲಿ ನಿಮಗೆ ಬೇರೆ ಹೆಸರುಗಳಿವೆ. ಮನೆಯಲ್ಲಿ ಕೂಗುವ ಹೆಸರಿನಿಂದ ಶುರು ಮಾಡಿದರೆ ನನಗೆ ಬರೆಯುವುದು ಸಲೀಸು. ನಾನು ಕಲಿತದ್ದು ಕುಕನೂರಿನ ಹತ್ತಿರದ ನನ್ನ ತವರೂರಿನಲ್ಲಿ, ಏಳನೆಯ ತರಗತಿಯವರೆಗೆ. ನಾಲ್ಕು ಜನರ ಮುಂದೆ ಮಾತಾಡು ಎಂದರೆ ಈಗಲೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತೇನೆ. ಕಾಗದದ ಮುಂದೆ ಅಷ್ಟು ನಾಚಿಕೆಯಾಗುವುದಿಲ್ಲ.

ಮೊನ್ನೆ ತಮ್ಮಣ್ಣಾ, ನೀನು ಕೇಳಿದೆ, "ಅಜ್ಜೀ, ಈ ತಾಮ್ರದ ಕೊಡದ ಹೊಟ್ಟಿ ಯಾಕ ಒಳಗ ಹೋಗೈತಿ?" ಅಂತ. "ಬಿದ್ದಿತ್ತು" ಅಂದೆ. ಅದು ಬಿದ್ದದ್ದಲ್ಲ. ನಿಮ್ಮ ಮುತ್ಯಾ, ಅಂದರೆ ನನ್ನ ಗಂಡ, ಅದನ್ನು ಎತ್ತಿ ಹಳ್ಳಕ್ಕೆ ಎಸೆದದ್ದು. ಮುತ್ಯಾ ಹೋದಾಗ ನೀನು ಇನ್ನೂ ತೊದಲು ಮಾತಾಡುತ್ತಿದ್ದೆ. ಸಣ್ಣವ್ವನಿಗೆ ಮುತ್ಯಾನ ಬೆರಳು ಹಿಡಿದು ಶಾಲೆಗೆ ಹೋದದ್ದು ನೆನಪಿದೆ. ಆ ಬೆರಳು ಅವಳ ಕೈಗೆ ಬರಲು ಎಷ್ಟು ದಾರಿ ನಡೆಯಬೇಕಾಯಿತು ಎಂಬುದು ಅವಳಿಗೂ ಗೊತ್ತಿಲ್ಲ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ನಾನು ಮದುವೆಯಾಗಿ ಬಂದಾಗ ನಮ್ಮ ಊರಲ್ಲಿ ಮನೆಗೊಂದು ಕುಣಿಮಗ್ಗವಿತ್ತು, ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಕೈಮಗ್ಗ. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ಬಸ್ಸಿನಲ್ಲಿ ಕೂತರೂ ಊರು ಬಂತೆಂದು ಮಗ್ಗದ ಸಪ್ಪಳದಿಂದಲೇ ತಿಳಿಯುತ್ತಿತ್ತು. ನಿಮ್ಮ ಮುತ್ಯಾ ಇಳಕಲ್ ಸೀರೆ ನೇಯುತ್ತಿದ್ದ. ಸೆರಗಿನ ಕೆಂಪು ಎಳೆಗಳನ್ನು ಎಣಿಸುತ್ತಲೇ ಭಜನೆ ಹಾಡುತ್ತಿದ್ದ. ಎಣಿಕೆ ತಪ್ಪುತ್ತಿರಲಿಲ್ಲ, ಹಾಡೂ ತಪ್ಪುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಬಾಗಿಲಿನಿಂದ ಬಿಸಿಲಿನ ಒಂದು ಪಟ್ಟಿ ಮಗ್ಗದ ಮೇಲೆ ಬೀಳುತ್ತಿತ್ತು. ಅದು ಅವನ ಮೊಣಕಾಲಿಗೆ ಬಂದಾಗ ರೊಟ್ಟಿಯ ಹೊತ್ತು. ಗಡಿಯಾರವಿಲ್ಲದ ಆ ಮಧ್ಯಾಹ್ನಗಳು ಈಗಲೂ ಕಣ್ಣಮುಂದೆ ಬರುತ್ತವೆ.

ನಿಮ್ಮ ಅಪ್ಪ ಮೂರನೆಯ ತರಗತಿಯಲ್ಲಿದ್ದಾಗ ಮುತ್ಯಾನಿಗೆ ಕಾಯಿಲೆ ಶುರುವಾಯಿತು. ಓಣಿಯ ಮಗ್ಗಗಳೆಲ್ಲ ತನ್ನ ಹೆಸರು ಹಿಡಿದು ಬೈಯುತ್ತಿವೆ ಎಂದ. ಕಿವಿಗೆ ಅರಿವೆ ತುರುಕಿಕೊಂಡು ಕೂತ. ಊರವರು ಗಾಳಿ ಸೋಕಿದೆ ಎಂದರು. ತಾಯಿತ ಕಟ್ಟಿಸಿದೆವು, ಬೂದಿ ಹಚ್ಚಿದೆವು, ಒಂದು ವರ್ಷ ಹಾಗೇ ಕಳೆಯಿತು. ಕೊನೆಗೆ ಕೊಪ್ಪಳದಲ್ಲಿ ಒಬ್ಬ ಡಾಕ್ಟರು ನೋಡಿ ಕಾಯಿಲೆಯ ಹೆಸರು ಹೇಳಿದರು. ಸ್ಕಿಜೋಫ್ರೇನಿಯಾ. ಅದನ್ನು ತಪ್ಪಿಲ್ಲದೆ ಹೇಳಲು ನನಗೆ ಬಹಳ ದಿನ ಬೇಕಾಯಿತು. ಗುಳಿಗೆ ಕೊಟ್ಟರು. ನಿಧಾನಕ್ಕೆ ಆ ಧ್ವನಿಗಳು ಸುಮ್ಮನಾದವು.

ಧ್ವನಿ ಹೋದರೂ ಮನುಷ್ಯ ಪೂರ್ತಿ ತಿರುಗಿ ಬರಲಿಲ್ಲ. ಎಳೆಗಳನ್ನು ಎಣಿಸಲು ಕೂತರೆ ನಡುವೆಯೇ ಕೈ ನಿಲ್ಲುತ್ತಿತ್ತು. ಯಾರಾದರೂ ದೊಡ್ಡ ಮಾತು ಹೇಳಿದರೆ ಅದರ ಮೊದಲು ಅವನಿಗೆ ಸಿಗುತ್ತಿತ್ತು, ಕೊನೆ ಸಿಗುತ್ತಿರಲಿಲ್ಲ. ಎರಡು ಸಾಮಾನು ತರಲು ಕಳಿಸಿದರೆ ಒಂದು ತರುತ್ತಿದ್ದ. ಮಗ್ಗ ಬಿಟ್ಟ. ಕಟ್ಟೆಯ ಮೇಲೆ ಕೂತು ಕಂಡಿಕೆ ಸುತ್ತುವುದಷ್ಟೇ ಕೆಲಸವಾಯಿತು. ಹಾಗೆಯೇ ವರ್ಷಗಳು ಹೋದವು. ನಿಮ್ಮ ಅಪ್ಪ ದೊಡ್ಡವನಾಗಿ ಕುಷ್ಟಗಿಯಲ್ಲಿ ಸಾಮಾನಿನ ಆಟೋ ಓಡಿಸತೊಡಗಿದ, ಮದುವೆಯಾದ, ಸಣ್ಣವ್ವ ಹುಟ್ಟಿದಳು.

ಆ ಕೂಸೆಂದರೆ ಮುತ್ಯಾನಿಗೆ ಪ್ರಾಣ. ತೊಟ್ಟಿಲ ಹತ್ತಿರ ಕೂತು ನೂಲು ಸುತ್ತುತ್ತಿದ್ದ. ಸಣ್ಣವ್ವನಿಗೆ ಹೆಜ್ಜೆ ಬಂದ ಹೊಸತರಲ್ಲಿ ಒಂದು ದಿನ ಬೆಲ್ಲ ತರಲು ಹೊರಟವನು ಅವಳನ್ನೂ ಎತ್ತಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಬಂದ. ಕೈಯಲ್ಲಿ ಬೆಲ್ಲವಿತ್ತು.

"ಮಾವಾರ, ಕೂಸು?" ಅಂದಳು ನಿಮ್ಮ ಅವ್ವ.

ಅವನು ತನ್ನ ಎರಡೂ ಕೈ ನೋಡಿಕೊಂಡ.

ನಿಮ್ಮ ಅವ್ವ ಚಪ್ಪಲಿಯೂ ಇಲ್ಲದೆ ಓಡಿದಳು. ಸಣ್ಣವ್ವ ಅಂಗಡಿಯ ಕಟ್ಟೆಯ ಮೇಲೆ ಕೂತು ಕಡಲೆ ತಿನ್ನುತ್ತಿದ್ದಳಂತೆ. ಅಂಗಡಿಯ ಮುಂದೆಯೇ ಬಸ್ಸಿನ ರಸ್ತೆ. ತಿರುಗಿ ಬಂದ ಮೇಲೆ ಅವಳು ಅಡುಗೆ ಮನೆಯಲ್ಲಿ ನನಗೆ ಮೆಲ್ಲಗೆ ಹೇಳಿದಳು: "ಅತ್ತೀ, ಮಾವಾರ ಮ್ಯಾಲ ನನಗ ಸಿಟ್ಟಿಲ್ಲ. ಆದರ ಇನ್ನ ಮ್ಯಾಲ ಕೂಸನ್ನ ಅವರೊಬ್ಬರ ಕೂಡ ಕಳಸಬ್ಯಾಡ್ರಿ." ತಾಯಿಯಾದವಳು ಮತ್ತೇನು ಹೇಳಿಯಾಳು? ನಾನೂ ಹಾಗೇ ಹೇಳುತ್ತಿದ್ದೆ. ಮೆಲ್ಲಗೆ ಹೇಳಿದರೂ ಕಟ್ಟೆಯ ಮೇಲಿದ್ದವನಿಗೆ ಕೇಳಿಸಿತು. ಅಂದು ಅವನು ಉಣ್ಣಲಿಲ್ಲ. ಮಾರನೆಯ ದಿನ ನನ್ನನ್ನು ಕೇಳಿದ, "ನಾಳೆ ಇದು ಸಾಲಿಗೆ ಹೋಗುವಾಗ ನಾ ಬೆರಳು ಹಿಡಕೊಂಡು ಹೋಗಬೇಕಂತ ಮಾಡಿದ್ದೆ. ಇನ್ನ ಆಗಂಗಿಲ್ಲಲಾ?"

ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಕುಷ್ಟಗಿಯ ದವಾಖಾನೆಗೆ ವಾರಕ್ಕೊಮ್ಮೆ ಒಬ್ಬ ಡಾಕ್ಟರಮ್ಮ ಬರುತ್ತಿದ್ದರು. ಗುಳಿಗೆ ತರಲು ಹೋದಾಗ ಇವನೇ ಅವರನ್ನು ಕೇಳಿದ. ಅಷ್ಟು ವರ್ಷಗಳಲ್ಲಿ ತಾನಾಗಿ ಬಾಯಿ ಬಿಟ್ಟು ಡಾಕ್ಟರನ್ನು ಕೇಳಿದ್ದು ಅದೇ ಮೊದಲು. "ಅಮ್ಮಾರ, ಮರವಿಗೆ ಗುಳಿಗಿ ಇಲ್ಲೇನ್ರಿ?"

ಡಾಕ್ಟರಮ್ಮ ಬರೆಯುವುದು ನಿಲ್ಲಿಸಿ ಅವನ ಮುಖ ನೋಡಿದರು. "ಈ ಗುಳಿಗೆ ಧ್ವನಿಗಳನ್ನ ತಡೀತದೆ. ಮರೆವಿಗೆ, ಗಮನ ನಿಲ್ಲದೆ ಇರೋದಕ್ಕೆ ಇದೊಂದೇ ಸಾಲದು. ಇದರ ಜೊತೆಗೆ ದಿನಾ ಚುರುಕಾಗಿ ನಡೀರಿ. ಮೈಗೆ ಕೆಲಸ ಕೊಟ್ಟರೆ ಮಿದುಳಿಗೂ ಒಳ್ಳೇದು. ಎಷ್ಟು ಸುಧಾರಿಸ್ತದೆ ಅಂತ ಆಣೆ ಮಾಡಿ ಹೇಳಲಾರೆ. ಸ್ವಲ್ಪ ಆದರೂ ಆಗಬಹುದು."

"ಎಷ್ಟು ಚುರುಕು ನಡೀಬೇಕ್ರಿ?"

"ನಡೆಯುವಾಗ ಮಾತಾಡೋಕೆ ಬರಬೇಕು, ಹಾಡೋಕೆ ಬರಬಾರದು. ಅಷ್ಟು."

ಭಜನೆಯವನಿಗೆ ಈ ಅಳತೆ ಬಹಳ ಹಿಡಿಸಿತು. ಆದರೆ ಒಬ್ಬನೇ ಹೋದರೆ ಅರ್ಧ ದಾರಿಯಲ್ಲಿ ಯಾಕೆ ಬಂದೆನೆಂದು ಮರೆತು ನಿಂತುಬಿಡುತ್ತಿದ್ದ. ಜೊತೆಗೆ ನಾನೇ ಹೋಗಬೇಕಾಯಿತು.

ನಿಮಗೆ ಈಗ ಇದು ನಗೆಯ ಮಾತು. ನಮ್ಮಲ್ಲಿ ಹೆಂಗಸು ಸುಮ್ಮನೆ ನಡೆಯುವುದೆಂದರೇನು? ಹೊಲಕ್ಕೆ, ಹಳ್ಳಕ್ಕೆ, ಗಿರಣಿಗೆ, ತವರಿಗೆ, ಹೀಗೆ ನಡೆಯುವುದಕ್ಕೆ ಒಂದು ಕಾರಣ ಬೇಕು. ಕಟ್ಟೆಗೊಬ್ಬರು "ಎಲ್ಲಿಗೆ ಹೊಂಟಿ?" ಎಂದು ಕೇಳುತ್ತಾರೆ, ಕೇಳಿದವರಿಗೆ ಹೇಳಬೇಕು. ಗಂಡನ ತಲೆ ಚುರುಕಾಗಲಿ ಎಂದು ನಡೆಯುತ್ತೇವೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ತವರಿನಿಂದ ಬಂದ ತಾಮ್ರದ ಕೊಡವನ್ನು ತಲೆಯ ಸಿಂಬಿಯ ಮೇಲಿಟ್ಟುಕೊಂಡೆ. ಹಳ್ಳದಾಚೆ ಸಿಹಿನೀರಿನ ಬಾವಿಯಿತ್ತು. "ನಳದ ನೀರಾಗ ಬ್ಯಾಳಿ ಬೇಯವಲ್ದು, ಬಾವಿ ನೀರಿಗೆ ಹೊಂಟೀನಿ" ಎಂದು ಹೇಳಿಕೊಂಡೆ. ಅವನು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ.

ಬೆಳಗಿನ ತಂಪಿನಲ್ಲಿ ಹೊರಡುತ್ತಿದ್ದೆವು. ಶಾಲೆ ದಾಟಿದರೆ ಬೇವಿನ ಮರಗಳ ಸಾಲು, ಆಮೇಲೆ ಸಜ್ಜೆ ಹೊಲ, ತೊಗರಿ ಹೊಲ, ಹಳ್ಳ, ಬಾವಿ. ಅವನು ಮುಂದಿನಿಂದ ಭಜನೆಯ ಒಂದು ಸಾಲು ಎತ್ತುತ್ತಿದ್ದ. ಪೂರ್ತಿ ಹಾಡಲು ಬಂದರೆ ನಾನು ಹಿಂದಿನಿಂದ "ಹಾಡು ಬಂತು, ಬಿರಿಬಿರಿ ನಡೀರಿ" ಎನ್ನುತ್ತಿದ್ದೆ. ಬರುವಾಗ ತುಂಬಿದ ಕೊಡ ಹೊತ್ತು ಬಿರುಸಾಗಿ ನಡೆಯಲಾಗದೆ ಖಾಲಿ ಕೊಡವನ್ನೇ ತರುತ್ತಿದ್ದೆ.

ಎಂಟು ದಿನವೂ ಆಗಿರಲಿಲ್ಲ. ಮೇಲಿನ ಓಣಿಯ ಹಿರಿಯರೊಬ್ಬರು ಮಗನಿಗೆ ಹೆಣ್ಣು ನೋಡಲು ಗಂಗಾವತಿ ಕಡೆಯ ಮರಳಿ ಎಂಬ ಊರಿಗೆ ಹೊರಟಿದ್ದರು. ಎದುರಿಗೆ ನನ್ನ ಖಾಲಿ ಕೊಡ. ಅಪಶಕುನವೆಂದು ಮನೆಗೆ ತಿರುಗಿ, ನೀರು ಕುಡಿದು, ಸ್ವಲ್ಪ ಕೂತು ಮತ್ತೆ ಹೊರಡುವಷ್ಟರಲ್ಲಿ ಬಸ್ಸು ಹೋಗಿತ್ತು. ಅವರ ಹೆಂಡತಿ ನಮ್ಮ ಅಂಗಳಕ್ಕೆ ಬಂದು ನಿಂತರು. "ಏನವಾ, ದಿನಾ ಖಾಲಿ ಕೊಡ ಹೊತ್ತು ಊರಾಗ ಅಡ್ಡಾಡತೀಯಂತ. ನಮ್ಮ ಹುಡುಗನ ಮದುವಿ ಆಗಬಾರದೇನು?"

ಮಾರನೆಯ ದಿನದಿಂದ ಮನೆಯಿಂದಲೇ ಎರಡು ತಂಬಿಗೆ ನೀರು ಹಾಕಿಕೊಂಡು ಹೊರಟೆ. ಅದನ್ನು ಪಕ್ಕದ ಮನೆಯ ಯಕ್ಕ ನೋಡಿದರು. ಅವರ ಬಾಯಿ ನಿಮಗೆ ಗೊತ್ತೇ ಇದೆ.

"ಏ ತಂಗಿ, ನೀರು ತುಂಬಿಕೊಂಡು ಬಾವಿಗೆ ಹೊಂಟೀಯಲ್ಲ, ಬಾವಿಗೆ ನೀರಡಿಕಿ ಆಗೈತೇನು?"

ನಾನು ಸೆರಗು ಮುಖಕ್ಕೆ ಎಳೆದುಕೊಂಡು ಓಡುನಡಿಗೆಯಲ್ಲಿ ಹೋದೆ. ಹತ್ತು ಹೆಜ್ಜೆ ಮುಂದಿದ್ದ ನಿಮ್ಮ ಮುತ್ಯಾನ ಹೆಗಲು ಕುಣಿಯುತ್ತಿತ್ತು. ನಗುತ್ತಿದ್ದ! ಯಾರೋ ಆಡಿದ ಮಾತು ಅವನಿಗೆ ಕೊನೆಯತನಕ ಸಿಕ್ಕಿತ್ತು, ಅದರ ಕುಚೇಷ್ಟೆಯೂ ಸಿಕ್ಕಿತ್ತು. ಅಷ್ಟು ವರ್ಷಗಳಾದ ಮೇಲೆ. ನಾನು ನಾಚಿಕೆ ಮರೆತು ನಿಂತು ನೋಡಿದೆ.

ಈಗ ನನ್ನ ತಪ್ಪನ್ನು ಬರೆಯಬೇಕು.

ಶ್ರಾವಣ ಬಂತು. ನಮ್ಮಲ್ಲಿ ಸೋಮವಾರ ಉಪವಾಸ. ಬಾಯಿಗೆ ಏನು ಹಾಕಿಕೊಂಡರೂ ಉಪವಾಸ ಮುರಿಯುತ್ತದೆಂದು ಮೊದಲ ಸೋಮವಾರ ಗುಳಿಗೆ ಕೊಡಲಿಲ್ಲ. ಏನೂ ಆಗಲಿಲ್ಲ. ಎರಡನೆಯ ಸೋಮವಾರವೂ ಕೊಡಲಿಲ್ಲ. ಮಂಗಳವಾರ ಬೆಳಿಗ್ಗೆ ಅವನು ನನಗಿಂತ ಮೊದಲೇ ಎದ್ದು ಅಂಗಳದಲ್ಲಿ ನಿಂತಿದ್ದ, ಕಣ್ಣಲ್ಲಿ ಎಂದಿನ ಮಂಪರಿರಲಿಲ್ಲ. ನಡಿಗೆಯೇ ಕಾಯಿಲೆಯನ್ನು ಕಳೆಯಿತು, ಇನ್ನು ಗುಳಿಗೆ ಯಾಕೆ ಎಂದುಕೊಂಡೆ. ಅವನನ್ನು ಕೇಳಲಿಲ್ಲ, ಡಾಕ್ಟರಮ್ಮನನ್ನೂ ಕೇಳಲಿಲ್ಲ. ಗುಳಿಗೆಯ ಪಟ್ಟಿಗಳನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟೆ. ಶ್ರಾವಣ ಮುಗಿದರೂ ತೆಗೆಯಲಿಲ್ಲ.

ಗಣಪತಿ ಹಬ್ಬ ಮುಗಿದು ಕೆಲವು ದಿನಗಳಾಗಿದ್ದವು. ಹಳ್ಳದ ಹತ್ತಿರ ಅವನು ತಟ್ಟನೆ ನಿಂತು ಹಿಂದೆ ತಿರುಗಿದ.

"ಸುಮ್ಮನಿರಾಕ ಹೇಳು."

"ಯಾರಿಗ್ರಿ?"

"ಕೊಡದಾಗ ಇದ್ದಾರಲ್ಲ, ಅವರಿಗೆ."

ನಾನು ಕೊಡ ಕೆಳಗಿಳಿಸಿದೆ. ಅದರಲ್ಲಿ ನಾನೇ ಹಾಕಿದ ಎರಡು ತಂಬಿಗೆ ನೀರು ತುಳುಕುತ್ತಿತ್ತು. ಅವನು ಬಗ್ಗಿ ಕೊಡದ ಬಾಯಿಗೆ ಕಿವಿಯಿಟ್ಟ. "ಕೂಸನ್ನ ಬಿಟ್ಟು ಬಂದಿ, ಕೂಸನ್ನ ಬಿಟ್ಟು ಬಂದಿ ಅಂತಾರ. ದಿನಾ ಇದ ಮಾತು" ಎಂದ. ನಾನು ಕೈಚಾಚುವಷ್ಟರಲ್ಲಿ ಕೊಡವನ್ನು ತಲೆಯ ಮೇಲೆತ್ತಿ ಹಳ್ಳದ ಬಂಡೆಗೆ ಎಸೆದ. ಆ ಸಪ್ಪಳಕ್ಕೆ ತೊಗರಿ ಹೊಲದ ಹಕ್ಕಿಗಳೆಲ್ಲ ಎದ್ದವು. ಅವನು ಅಲ್ಲೇ ನೆಲಕ್ಕೆ ಕುಸಿದು ಕಿವಿ ಮುಚ್ಚಿಕೊಂಡ.

ಅಂದೇ ಮಗನ ಆಟೋದಲ್ಲಿ ದವಾಖಾನೆಗೆ ಹೋದೆವು. ಪುಣ್ಯಕ್ಕೆ ಅದು ಡಾಕ್ಟರಮ್ಮ ಬರುವ ದಿನ. "ಗುಳಿಗೆ ಬಿಡಿಸಿದ್ದು ಯಾರು?" ಎಂದು ಕೇಳಿದರು ಡಾಕ್ಟರಮ್ಮ. ಹೊರಗೆ ಸಾಲಾಗಿ ಜನ ನಿಂತಿದ್ದರು, ಬಾಗಿಲು ತೆರೆದೇ ಇತ್ತು. ನನ್ನ ಬೆರಳಿಗೆ ಸೆರಗು ಸುತ್ತಿಕೊಂಡಿತ್ತು.

"ನಾನರೀ" ಎಂದೆ. "ಉಪವಾಸಕ್ಕ ಬಿಡಿಸಿದೆ. ಆಮ್ಯಾಲ ನಡದು ನಡದು ಆರಾಮಾಗ್ಯಾರ ಅಂತ ತಿಳಕೊಂಡೆ."

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ನಡೆಸಿದ್ದು ಒಳ್ಳೇದು ಮಾಡಿದ್ರಿ. ಆದರೆ ನಡಿಗೆ ಗುಳಿಗೆಯ ಜೊತೆಗೆ, ಗುಳಿಗೆಯ ಬದಲಿಗೆ ಅಲ್ಲ. ಬಿಟ್ಟ ಕೂಡಲೇ ಏನೂ ಗೊತ್ತಾಗೋದಿಲ್ಲ, ಅದಕ್ಕೇ ಮೋಸ ಹೋಗ್ತಾರೆ. ಗುಳಿಗೆಯಿಂದ ಮಂಪರು ಬಂದರೆ ನನಗೆ ಹೇಳಿ, ಬೇರೆ ದಾರಿ ನೋಡೋಣ. ಉಪವಾಸದ ದಿನವೂ ಕೊಡಿ. ದೇವರು ಕೇಳಿದರೆ ನನ್ನ ಹೆಸರು ಹೇಳಿ."

ಅವನು ಮತ್ತೆ ನೆಲೆಗೆ ಬರಲು ದಸರೆ ದಾಟಿ ದೀಪಾವಳಿ ಬರಬೇಕಾಯಿತು. ಆ ದಿನಗಳಲ್ಲಿ ನಿಮ್ಮ ಅವ್ವ ನನಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಆದರೆ ಸಣ್ಣವ್ವನನ್ನು ಅವನ ಹತ್ತಿರ ಬಿಡುವಾಗ ತಾನೂ ಅಲ್ಲೇ ಕೂರುತ್ತಿದ್ದಳು.

ಮತ್ತೆ ನಡೆಯಲು ಹೊರಟ ದಿನ ಅವನು ಕೊಡವನ್ನು ನೋಡಿದ. ನಾನು ಅದನ್ನು ಹಳ್ಳದಿಂದ ತಂದು ಮೂಲೆಯಲ್ಲಿಟ್ಟಿದ್ದೆ. "ಅದು ಬ್ಯಾಡ" ಎಂದ. ನಾನು ಬರಿಗೈಯಲ್ಲಿ ಹೊರಟೆ. ಹತ್ತು ಹೆಜ್ಜೆ ಹಿಂದೆ ಇದ್ದವಳು ಅವನು ಮತ್ತೆ ಎಲ್ಲಿ ನಿಂತುಬಿಡುತ್ತಾನೋ ಎಂಬ ಭಯಕ್ಕೆ ಪಕ್ಕಕ್ಕೇ ಹೋದೆ. ಪಕ್ಕದ ಮನೆಯ ಯಕ್ಕ ಕಸಬರಿಗೆ ಹಿಡಿದು ಅಂಗಳದಲ್ಲೇ ನಿಂತಿದ್ದರು.

"ಏನಪಾ, ಗಂಡ ಹೆಂಡತಿ ಜೋಡಿಲೆ ಹೊಂಟೀರಿ? ಮೆರವಣಿಗಿ ಏನು?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿಮ್ಮ ಮುತ್ಯಾ ಸಾವಕಾಶವಾಗಿ, ಒಂದೊಂದೇ ಮಾತು ಜೋಡಿಸಿ ಹೇಳಿದ: "ಡಾಕ್ಟರ್ ಹೇಳ್ಯಾರ. ಗುಳಿಗಿ ತಗೋಬೇಕು, ನಡೀಬೇಕು. ತಲಿ ಚುರುಕಾಗಬೇಕಂತ. ನೀನೂ ಬಾ ಯಕ್ಕಾ, ನಿನಗೂ ಬೇಕಾಗೈತಿ."

ಯಕ್ಕ ನಕ್ಕೂ ನಕ್ಕೂ ಕಸಬರಿಗೆ ಕೆಳಗಿಟ್ಟರು. ಇಷ್ಟು ದಿನ ನಾನು ಕೊಡದಲ್ಲಿ ಮುಚ್ಚಿಕೊಂಡು ತಿರುಗಿದ ಮಾತನ್ನು ಅವನು ಅಂಗಳದಲ್ಲಿ ಚೆಲ್ಲಿಬಿಟ್ಟಿದ್ದ. ಅದರಿಂದ ಏನೂ ಮುಳುಗಲಿಲ್ಲ. ಆ ಚಳಿಗಾಲ ಯಕ್ಕನೂ ಮೊಣಕಾಲು ನೋವೆಂದು ನಮ್ಮ ಜೊತೆ ಬೇವಿನ ಸಾಲಿನತನಕ ಬರತೊಡಗಿದರು.

ನಾಲ್ಕೈದು ವರ್ಷ ಹಾಗೆ ನಡೆದೆವು. ಮಳೆ ಬಂದರೆ ಶಾಲೆಯ ಜಗಲಿಯಲ್ಲಿ ಆಚೆಯಿಂದೀಚೆ ನಡೆದೆವು. ಗುಳಿಗೆಯನ್ನು ಅವನ ಅಂಗೈಯಲ್ಲಿಟ್ಟು, ನುಂಗಿದ್ದನ್ನು ನೋಡಿಯೇ ತಂಬಿಗೆ ತೆಗೆಯುತ್ತಿದ್ದೆ. "ಗುಳಿಗಿ ಹಾಸು, ನಡಿಗಿ ಹೊಕ್ಕು. ಒಂದ ಇದ್ರ ಅರಿವಿ ಆಗಂಗಿಲ್ಲ" ಎಂದ ಒಮ್ಮೆ. ನೇಕಾರನ ಮಾತು: ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು.

ಗುಣವಾದದ್ದು ಎಷ್ಟು ಎಂದು ಕೇಳಿದರೆ ನನಗೆ ಅಳೆದು ಹೇಳಲು ಬರುವುದಿಲ್ಲ. ಇಳಕಲ್ ಸೀರೆಯ ಸೆರಗನ್ನು ಅವನು ಮತ್ತೆ ನೇಯಲಿಲ್ಲ. ಆದರೆ ಒಂದು ಬೆಳಿಗ್ಗೆ "ನಿನ್ನಿ ಇಲ್ಲಿ ಸಜ್ಜಿ ನಿಂತಿತ್ತು, ಇವತ್ತ ಕೊಯ್ದಾರ" ಎಂದ. ಇನ್ನೊಂದು ದಿನ ಜೀರಿಗೆ, ಬೆಲ್ಲ, ಬೆಂಕಿಪೊಟ್ಟಣ ಮೂರೂ ತಂದ, ಬಾಗಿಲಲ್ಲಿ ನಿಂತು ಮೂರರ ಹೆಸರನ್ನೂ ಜೋರಾಗಿ ಹೇಳಿದ. ಶಾಲೆಯ ಮುಂದೆ ಬಂದಾಗ ಪ್ರತಿದಿನ ನಿಂತು ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಬೆರಳಿಟ್ಟು ಓದುತ್ತಿದ್ದ. ಅಷ್ಟೊತ್ತಿಗೆ ಸಣ್ಣವ್ವ ಒಂದನೆಯ ತರಗತಿಗೆ ಸೇರಿದ್ದಳು. ಬಿಟ್ಟುಬರುವುದು ನಿಮ್ಮ ಅಪ್ಪ, ಕರೆತರುವುದು ನಿಮ್ಮ ಅವ್ವ. ಮುತ್ಯಾ ಕಟ್ಟೆಯ ಮೇಲಿಂದ ನೋಡುತ್ತಿದ್ದ.

ಒಂದು ದಿನ ಕುಕನೂರಿನಲ್ಲಿ ನನ್ನ ಅಣ್ಣನ ಮೊಮ್ಮಗಳ ಕುಬಸ, ಚೊಚ್ಚಲ ಬಸಿರಿನ ಸೀಮಂತ. ನಿಮ್ಮ ಅವ್ವ, ನಾನು ಮೊದಲ ಬಸ್ಸಿಗೇ ಹೋದೆವು. ಸಂಜೆ ಶಾಲೆ ಬಿಟ್ಟಾಗ ಕೂಸನ್ನು ಕರೆತರಬೇಕೆಂದು ಪಕ್ಕದ ಯಕ್ಕನಿಗೆ ಹೇಳಿದ್ದೆವು. ನಿಮ್ಮ ಅಪ್ಪ ಸಣ್ಣವ್ವನನ್ನು ಶಾಲೆಗೆ ಬಿಟ್ಟು, ಕರೆತರುವ ಹೊತ್ತನ್ನು ನಾವು ಯಕ್ಕನಿಗೆ ಸರಿಯಾಗಿ ಹೇಳಿದ್ದೇವೆಂದು ನಂಬಿ ಕುಷ್ಟಗಿಗೆ ಹೋದ. ಕುಬಸದ ಮನೆಯಲ್ಲಿ ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ, ಹೊರಗೆ ರಸ್ತೆಯಲ್ಲಿ ಮಕ್ಕಳು ಚೀಲ ಹೊತ್ತು ಕೂಗುತ್ತಾ ಮನೆಗೆ ಹೋಗುತ್ತಿದ್ದರು. ನಿಮ್ಮ ಅವ್ವ ನೋಡಿದಳು. ನನ್ನ ತೋಳು ಹಿಡಿದಳು.

"ಅತ್ತೀ! ಇವತ್ತ ಶನಿವಾರ! ಮುಂಜಾನಿ ಸಾಲಿ!"

ಯಕ್ಕನಿಗೆ ಫೋನು ಮಾಡಿದರೆ ಬರಿ ಗಂಟೆ ಹೊಡೆಯಿತು. ಅವರು ಶೇಂಗಾ ಕೀಳಲು ಹೊಲಕ್ಕೆ ಹೋಗಿದ್ದರು. ನಿಮ್ಮ ಅಪ್ಪನೂ ಎತ್ತಲಿಲ್ಲ. ಉಣ್ಣದೆ ಬಸ್ಸು ಹತ್ತಿದೆವು. ಯಲಬುರ್ಗಾದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದೆವು. ಆ ದಾರಿಯಷ್ಟು ಉದ್ದದ ದಾರಿಯನ್ನು ನಾನು ನಡೆದೂ ಕಂಡಿರಲಿಲ್ಲ. ನಿಮ್ಮ ಅವ್ವ ಕಿಟಕಿಯ ಸರಳು ಹಿಡಿದು "ರಸ್ತೆ ದಾಟಬೇಕಲ್ರೀ ಅತ್ತಿ, ರಸ್ತೆ ದಾಟಬೇಕಲ್ರೀ" ಎಂದು ಅದನ್ನೇ ಹೇಳುತ್ತಿದ್ದಳು.

ಶಾಲೆಗೆ ಬೀಗ ಬಿದ್ದಿತ್ತು. ಜಗಲಿಯ ಮೇಲೆ ಸಣ್ಣವ್ವನ ಹಳದಿ ಚೀಲ ಮಾತ್ರ ಇತ್ತು. ನಿಮ್ಮ ಅವ್ವ ಅದನ್ನು ಎದೆಗೆ ಅವುಚಿಕೊಂಡು ಮನೆಯ ಕಡೆ ಓಡಿದಳು.

ಕಟ್ಟೆಯ ಮೇಲೆ ಸಣ್ಣವ್ವ ಕಾಲು ಚಾಚಿ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಪಕ್ಕದಲ್ಲಿ ಮುತ್ಯಾ ಕಂಡಿಕೆ ಸುತ್ತುತ್ತಿದ್ದ.

"ಶನಿವಾರ ಹನ್ನೊಂದೂವರಿಗೆ ಬಿಡತಾರ. ಗ್ವಾಡಿ ಮ್ಯಾಲ ಬರದೈತಿ" ಎಂದ. "ಯಾರೂ ಹೊಂಡಲಿಲ್ಲ. ಅದಕ್ಕ ನಾ ಹೋದೆ. ರಸ್ತೆದಾಗ ಎರಡೂ ಕಡೆ ನೋಡಿದೆ."

ಆಮೇಲೆ ಸೊಸೆಯ ಕೈಯಲ್ಲಿದ್ದ ಚೀಲ ಕಂಡು ಅವನ ಮುಖ ಸಣ್ಣದಾಯಿತು. "ಅದನ್ನ ಮರತೆ" ಎಂದ.

ನಿಮ್ಮ ಅವ್ವ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು, ನಕ್ಕಳು. "ಚೀಲ ಹೋದ್ರ ಹೋಗಲಿ ಬಿಡ್ರಿ ಮಾವಾರ. ಸೋಮವಾರನೂ ನೀವ ಕರಕೊಂಡು ಬರ್ರಿ."

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬ ಅನುಮಾನಕ್ಕೆ ನನ್ನನ್ನು ಕೇಳಿದ, "ಸೋಮವಾರ ಅಂದ್ಲಲಾ?"

"ಹೌದ್ರಿ, ಸೋಮವಾರ" ಎಂದೆ. ಅವನು ತಲೆ ಬಗ್ಗಿಸಿ ನೂಲಿನ ತುದಿ ಹುಡುಕತೊಡಗಿದ. ಬಹಳ ಹೊತ್ತು ಅದು ಸಿಗಲಿಲ್ಲ.

ಅಂದಿನಿಂದ ಮೂರು ವರ್ಷ ಸಣ್ಣವ್ವನ ಬೆರಳು ಅವನ ಕೈಯಲ್ಲಿತ್ತು. ಹೋಗುವಾಗ ಅವಳು ಮಗ್ಗಿ ಹೇಳುತ್ತಿದ್ದಳು, ಅವನು ತಪ್ಪು ತಿದ್ದುತ್ತಿದ್ದ, ಕೆಲವೊಮ್ಮೆ ಅವಳು ಅವನದನ್ನು ತಿದ್ದುತ್ತಿದ್ದಳು. ಕಡೆಗೆ ಒಂದು ಚಳಿಗಾಲ ಎದೆಯ ಜ್ವರ ಬಂದು, ನಾಲ್ಕೇ ದಿನದಲ್ಲಿ ಹೋಗಿಬಿಟ್ಟ. ಹೋಗುವ ಮುನ್ನಾದಿನ ಮಧ್ಯಾಹ್ನ ಗುಳಿಗೆಯನ್ನು ತಾನೇ ಕೇಳಿ ತೆಗೆದುಕೊಂಡ. ಬೇವಿನ ಸಾಲಿನತನಕ ನಾನು ಈಗಲೂ ಹೋಗುತ್ತೇನೆ, ಬರಿಗೈಯಲ್ಲಿ. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಕೇಳಲಿ ಅನ್ನಿಸುತ್ತದೆ ಒಮ್ಮೊಮ್ಮೆ.

ಈ ಹಾಳೆಗಳನ್ನು ಆ ತಗ್ಗುಬಿದ್ದ ಕೊಡದಲ್ಲಿ ಸುತ್ತಿಡುತ್ತೇನೆ. ಇಲಿ ಹೋಗದಂತೆ ಬಾಯಿಗೆ ತಟ್ಟೆ ಮುಚ್ಚಿ. ಕೊಡವನ್ನು ಬಡಿಸಿ ಸರಿಮಾಡಿಸಬೇಡಿ. ಮುಂದೆ ನಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಬಂದರೆ ನನ್ನ ಹಾಗೆ ನೆಪ ಹೊತ್ತುಕೊಂಡು ತಿರುಗಬೇಡಿ. ಈ ಹಾಳೆಗಳನ್ನು ತೆಗೆದು ಎಲ್ಲರ ಮುಂದೆ ಜೋರಾಗಿ ಓದಿ. ಓದಿದ ಮೇಲೆ ಮತ್ತೆ ಅಲ್ಲೇ ಜೋಪಾನವಾಗಿ ಇಡಿ.